ಬಾಗಿಸುವುದು ಶಕ್ತಿ

ಕೇಳುಗರಿಗೆ ನಮಸ್ಕಾರ. ಉಡುಪಿ, ಮಂಗಳೂರಿನ ಎಷ್ಟೋ ಅಡುಗೆಮನೆಗಳಲ್ಲಿ ಈಗ ಒಲೆ ಉರಿಯುತ್ತಿರಬಹುದು. ಅಲ್ಲಿಂದಲೇ ಶುರು ಮಾಡುತ್ತೇನೆ. ಒಂದು ಲೀಟರ್ ನೀರನ್ನು ಗಟ್ಟಿಯಾಗಿ ಮುಚ್ಚಿ ಕಾಯಿಸಿ. ಹನಿ ನೀರೂ ಹೊರಗೆ ಹೋಗದಿದ್ದರೆ, ಕುದಿಯುವ ಹೊತ್ತಿಗೆ ಅದರ ತೂಕ ಜಾಸ್ತಿ ಆಗಿರುತ್ತದೆ. ಎಷ್ಟು? ಒಂದು ಗ್ರಾಂ ಅನ್ನು ನೂರು ಕೋಟಿ ಚೂರು ಮಾಡಿದರೆ ಅದರಲ್ಲಿ ಮೂರೋ ನಾಲ್ಕೋ ಚೂರು. ನಿಮ್ಮ ತಕ್ಕಡಿಗೆ ಸಿಗುವುದಿಲ್ಲ, ಆದರೆ ನಿಜ. ನಾವು ಸೇರಿಸಿದ್ದು ಬಿಸಿ ಮಾತ್ರ. ಬಿಸಿ ಅಂದರೆ ಶಕ್ತಿ. ಶಕ್ತಿಗೂ ತೂಕ ಉಂಟು.

ಇದು ಐನ್‌ಸ್ಟೀನ್ 1905ರಲ್ಲಿ ಕಂಡದ್ದು. 1915ರ ನವೆಂಬರಿನಲ್ಲಿ ಅವರು ಇನ್ನೂ ಮುಂದೆ ಹೋದರು. ಜಾಗ, ಕಾಲ ಎರಡೂ ಸೇರಿದ ಒಂದೇ ನೇಯ್ಗೆ ಇದೆ. ಅದಕ್ಕೆ ದೇಶಕಾಲ ಅನ್ನುತ್ತೇವೆ. ಶಕ್ತಿ ಇದ್ದಲ್ಲಿ ಅದು ಬಾಗುತ್ತದೆ. ನಾವು ಗುರುತ್ವ ಅನ್ನುವುದು ಆ ಬಾಗನ್ನೇ. ಶಾಲೆಯಲ್ಲಿ ‘ಭಾರದ ವಸ್ತು ಸೆಳೆಯುತ್ತದೆ’ ಅಂತ ಕಲಿತು ಅಲ್ಲಿಗೇ ಬಿಟ್ಟುಬಿಡುತ್ತೇವೆ. ದಯವಿಟ್ಟು ಅಷ್ಟಕ್ಕೇ ನಿಲ್ಲಬೇಡಿ. ಬಾಗಿಸುವುದು ಶಕ್ತಿ.

ಒಮ್ಮೆ ಮಲ್ಪೆ ಬಂದರಿನಲ್ಲಿ ಆಳಸಮುದ್ರದ ಬೋಟು ನಡೆಸುವ ತಾಂಡೇಲರೊಬ್ಬರ ಜೊತೆ ಮಾತಿಗೆ ಕೂತಿದ್ದೆ. ಅವರು ಜಿಪಿಎಸ್ ಪೆಟ್ಟಿಗೆ ತೋರಿಸಿ, “ಮೊನ್ನೆ ಬಲೆ ಬಿಟ್ಟ ಜಾಗಕ್ಕೇ ಕತ್ತಲೆಯಲ್ಲೂ ಹೋಗ್ತೇನೆ ಮಾರಾಯ್ರೆ” ಅಂದರು. ನನಗೆ ಖುಷಿ ತಡೆಯಲಿಲ್ಲ. ಅವರ ಹಳೆಯ ಲೆಕ್ಕದ ಪುಸ್ತಕದ ಹಿಂದೆಯೇ ಚಿತ್ರ ಬರೆದೆ. ಕೆಳಗೆ ಭೂಮಿ, ಸುಮಾರು 20,000 ಕಿಲೋಮೀಟರ್ ಮೇಲೆ ಉಪಗ್ರಹ, ಅದರೊಳಗೆ ಗಡಿಯಾರ. ಭೂಮಿಯ ಹತ್ತಿರ ಬಾಗು ಜಾಸ್ತಿ, ಹಾಗಾಗಿ ಇಲ್ಲಿ ಕಾಲ ನಿಧಾನ. ಮೇಲಿನ ಗಡಿಯಾರ ಇದರಿಂದ ದಿನಕ್ಕೆ 45 ಮೈಕ್ರೋಸೆಕೆಂಡ್ ಮುಂದೆ ಹೋಗುತ್ತದೆ. ಉಪಗ್ರಹದ ಓಟದಿಂದ 7 ಹಿಂದೆ ಬೀಳುತ್ತದೆ. ಉಳಿದದ್ದು 38. ಮೈಕ್ರೋಸೆಕೆಂಡ್ ಅಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. “ಅಷ್ಟಕ್ಕೆ ಏನಾಗ್ತದೆ?” ಅಂದರು. ಉಪಗ್ರಹದ ಸಂಕೇತ ಬೆಳಕಿನ ವೇಗದಲ್ಲಿ ಬರುತ್ತದೆ, ಅದು ಬರಲು ಹಿಡಿದ ಹೊತ್ತಿನಿಂದಲೇ ಪೆಟ್ಟಿಗೆ ದೂರ ಲೆಕ್ಕ ಹಾಕುತ್ತದೆ. 38 ಮೈಕ್ರೋಸೆಕೆಂಡಿನಲ್ಲಿ ಬೆಳಕು 11 ಕಿಲೋಮೀಟರ್ ಓಡಿರುತ್ತದೆ. ಅದನ್ನು ಮೊದಲೇ ಸರಿಪಡಿಸದಿದ್ದರೆ ಪೆಟ್ಟಿಗೆಯ ಲೆಕ್ಕ ದಿನದಿಂದ ದಿನಕ್ಕೆ ಕೆಡುತ್ತಾ ಹೋಗುತ್ತದೆ.

ಅವರು ಸ್ವಲ್ಪ ಹೊತ್ತು ನೀರನ್ನೇ ನೋಡುತ್ತಾ ಕೂತರು. ಆಮೇಲೆ ಕೇಳಿದರು. “ಭೂಮಿ ಕಲ್ಲು, ಮಣ್ಣು, ಕಬ್ಬಿಣ ಅಲ್ವಾ? ಶಕ್ತಿ ಎಲ್ಲಿಂದ ಬಂತು?” ಎಂಥ ಒಳ್ಳೆಯ ಪ್ರಶ್ನೆ! ಬುಟ್ಟಿಯಲ್ಲಿದ್ದ ಒಂದು ಬಂಗುಡೆ ಎತ್ತಿಕೊಂಡೆ. ಈ ಮೀನಿನ ತೂಕ ಬಹುಪಾಲು ಪ್ರೋಟಾನ್, ನ್ಯೂಟ್ರಾನ್‌ಗಳದ್ದು. ಅವುಗಳ ಒಳಗೆ ಕ್ವಾರ್ಕ್ ಎಂಬ ಕಣಗಳಿವೆ. ಆ ಕಣಗಳ ಸ್ವಂತ ತೂಕ ನೂರರಲ್ಲಿ ಒಂದು ಪಾಲಿನಷ್ಟೇ. ಉಳಿದದ್ದೆಲ್ಲಾ ಅವುಗಳ ಓಡಾಟದ, ಬಿಗಿತದ ಶಕ್ತಿ. ಬಂಗುಡೆ ಹಾಗೆ, ಕಲ್ಲೂ ಹಾಗೆ, ಭೂಮಿಯೂ ಹಾಗೆ. ಕಟ್ಟಿಟ್ಟ ಶಕ್ತಿಯೇ ಇಲ್ಲಿ ಕಾಲವನ್ನು ಬಾಗಿಸುತ್ತಿದೆ.

ಸಮಯ ಕಡಿಮೆ ಉಳಿದಿದೆ, ಎರಡೇ ಮಾತು. 1919ರ ಮೇ 29ರ ಗ್ರಹಣದಲ್ಲಿ, ಸೂರ್ಯನ ಪಕ್ಕ ಹಾದು ಬಂದ ನಕ್ಷತ್ರಗಳ ಬೆಳಕು ಬಾಗಿದ್ದನ್ನು ಬ್ರೆಜಿಲಿನಿಂದಲೂ ಆಫ್ರಿಕಾದ ಒಂದು ದ್ವೀಪದಿಂದಲೂ ಫೋಟೋ ತೆಗೆದು ಅಳೆದರು. ಇನ್ನೊಂದು ನನಗೆ ತುಂಬಾ ಇಷ್ಟದ್ದು. 2015ರ ಸೆಪ್ಟೆಂಬರ್ 14ರಂದು ದೇಶಕಾಲದ ಅಲೆ ಹಿಡಿಯಲೆಂದೇ ಕಟ್ಟಿದ ಅಮೆರಿಕದ ಲೈಗೋ ಯಂತ್ರಗಳಿಗೆ ಒಂದು ಸಣ್ಣ ನಡುಕ ಸಿಕ್ಕಿತು. ನೂರು ಕೋಟಿ ವರ್ಷಕ್ಕೂ ಹಿಂದೆ ಎರಡು ಕಪ್ಪುಕುಳಿಗಳು, ಅಂದರೆ ಬೆಳಕೂ ಹೊರಗೆ ಬರಲಾರದಷ್ಟು ದೇಶಕಾಲ ಬಾಗಿದ ಜಾಗಗಳು, ಒಂದಾಗಿದ್ದವು. ಸುಮಾರು ಮೂರು ಸೂರ್ಯರಷ್ಟು ತೂಕ ಶಕ್ತಿಯಾಗಿ, ದೇಶಕಾಲದ ಅಲೆಯಾಗಿ ಹೊರಟುಹೋಗಿತ್ತು. ಆ ಅಲೆ ಅಂದು ಅಮೆರಿಕವನ್ನು ಮಾತ್ರ ದಾಟಲಿಲ್ಲ. ಮಲ್ಪೆಯ ದಕ್ಕೆಯನ್ನೂ, ಅಲ್ಲಿ ಕಟ್ಟಿದ ಬೋಟುಗಳನ್ನೂ, ನಿಮ್ಮನ್ನೂ ನನ್ನನ್ನೂ ಒಂದು ಕ್ಷಣ ಹಿಗ್ಗಿಸಿ ಕುಗ್ಗಿಸಿ ಮುಂದೆ ಹೋಯಿತು.

ನಮಸ್ಕಾರ.