ಅಜ್ಜನ ಪಂಚಾಂಗ, ಅಜ್ಜಿಯ ಕಥೆ, ವಾಟ್ಸಾಪಿನ ವಿಜ್ಞಾನ

ಎಲ್ಲರಿಗೂ ನಮಸ್ಕಾರ. ಕಾರ್ಯಕ್ರಮದವರು ಫೋನ್ ಮಾಡಿ "ಹಿರಿಯರ ಆಚರಣೆಗಳ ಹಿಂದಿನ ವಿಜ್ಞಾನ" ಅಂತ ವಿಷಯ ಇಟ್ಕೊಂಡು ಮಾತಾಡಿ ಅಂದ್ರು. ಬರ್ತೀನಿ ಸಾರ್, ಆದ್ರೆ ಆ ವಿಜ್ಞಾನ ಅನ್ನೋದನ್ನ ಬ್ಯಾನರಿಂದ ತೆಗೆಸಿಬಿಡಿ ಅಂದೆ. ಪಾಪ ಅವ್ರು ತೆಗೆಸಿದ್ದಾರೆ, ಥ್ಯಾಂಕ್ಸ್. ಯಾಕೆ ತೆಗೆಸಿದೆ ಅಂತ ಹೇಳೋಕೆ ಮುಂಚೆ ಒಂದು ಪ್ರಶ್ನೆ: ಉತ್ತರಕ್ಕೆ ತಲೆ ಹಾಕಿ ಮಲಗಬಾರದು ಅಂತ ಯಾರ್ಯಾರ ಮನೇಲಿ ಹೇಳ್ತಿದ್ರು? ಕೈ ಎತ್ತಿ ನೋಡೋಣ. ಹಾ, ಹೆಚ್ಚುಕಮ್ಮಿ ಎಲ್ಲರ ಮನೇಲೂ.

ನಮ್ಮನೇಲೂ ಇತ್ತು. ಸಾಗರದ ಕಡೆ ಹಳ್ಳಿ ನಮ್ದು, ಒಂದಿಷ್ಟು ಅಡಿಕೆ ತೋಟ, ಕೆಳಗೆ ಗದ್ದೆ, ಬೇಸಿಗೆ ರಜಕ್ಕೆ ಮೊಮ್ಮಕ್ಕಳೆಲ್ಲಾ ಸೇರಿದ್ರೆ ಜಗಲಿ ಮೇಲೆ ಸಾಲಾಗಿ ಚಾಪೆ. ಯಾರಾದ್ರೂ ಉಲ್ಟಾ ಮಲಗಿದ್ರೆ ಅಜ್ಜಿ ಬಂದು ಕಾಲು ಹಿಡಿದು ತಿರುಗಿಸೋಳು. ಯಾಕಜ್ಜಿ ಅಂದ್ರೆ ಗಣಪತಿ ಕಥೆ. ಶಿವ ಸಿಟ್ಟಲ್ಲಿ ಮಗನ ತಲೆ ಕಡಿದುಬಿಟ್ಟ, ಪಾರ್ವತಿ ಅತ್ತಳು, ಆಮೇಲೆ ಶಿವ ತನ್ನ ಗಣಗಳಿಗೆ ಉತ್ತರಕ್ಕೆ ತಲೆ ಹಾಕಿ ಮಲಗಿರೋ ಪ್ರಾಣಿ ಯಾವುದಾದ್ರೂ ಸಿಕ್ಕಿದ್ರೆ ಅದರ ತಲೆ ತನ್ನಿ ಅಂದ, ಆನೆ ಸಿಕ್ತು. ಅಜ್ಜಿ ಇಷ್ಟಕ್ಕೇ ನಿಲ್ಲಿಸ್ತಿರಲಿಲ್ಲ, ಆ ಆನೆಗೂ ಒಬ್ಬಳು ಅಮ್ಮ ಇದ್ದಳಲ್ಲ ಅವಳ ಗತಿ ಏನು ಅಂತ ತಾನೇ ಕೇಳಿ ತಾನೇ ಸುಮ್ಮನಾಗೋಳು. ನಾವು ಗಪ್ ಅಂತ ದಿಂಬು ಈ ಕಡೆ ಇಟ್ಕೊಳ್ತಿದ್ವಿ.

ಈಗ ವಾಟ್ಸಾಪಲ್ಲಿ ಬರೋದು ಬೇರೆ. ಭೂಮಿ ಒಂದು ಅಯಸ್ಕಾಂತ, ನಮ್ಮ ರಕ್ತದಲ್ಲಿ ಕಬ್ಬಿಣ ಇದೆ, ಉತ್ತರಕ್ಕೆ ತಲೆ ಹಾಕಿದ್ರೆ ಕಬ್ಬಿಣ ಎಲ್ಲಾ ಮೆದುಳಿಗೆ ಎಳೆದುಕೊಳ್ಳುತ್ತೆ, ನಮ್ಮ ಪೂರ್ವಜರಿಗೆ ಇದೆಲ್ಲಾ ಮೊದಲೇ ಗೊತ್ತಿತ್ತು, ಶೇರ್ ಮಾಡಿ. ನೋಡಿ, ಇಲ್ಲಿ ಎಂಆರ್‌ಐ ಸ್ಕ್ಯಾನ್ ಮಾಡಿಸ್ಕೊಂಡವರು ಇದ್ದೀರಿ ಅಲ್ವಾ. ಆ ಮೆಷಿನ್ ಸಾಮಾನ್ಯವಾಗಿ 1.5 ಟೆಸ್ಲಾದ್ದು, ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟು. ಅದರೊಳಗೆ ಅರ್ಧ ಗಂಟೆ ಮಲಗಿ ಎದ್ದು ಬಂದ್ರಿ, ರಕ್ತ ಎಲ್ಲೂ ಓಡಿಹೋಗಲಿಲ್ಲ. ಹಿಮೋಗ್ಲೋಬಿನ್ನಲ್ಲಿರೋ ಕಬ್ಬಿಣ ಮೊಳೆ ಥರ ಅಯಸ್ಕಾಂತಕ್ಕೆ ಅಂಟಿಕೊಳ್ಳೋ ಜಾತಿದಲ್ಲ. ನನಗೆ ಬೇಜಾರಾಗೋದು ಏನಂದ್ರೆ, ಅಜ್ಜಿ ಹತ್ರ ಒಂದು ಒಳ್ಳೇ ಕಥೆ ಇತ್ತು, ಅದನ್ನ ಕಿತ್ತು ಹಾಕಿ ಆ ಜಾಗದಲ್ಲಿ ಒಂದು ಕೆಟ್ಟ ಫಿಸಿಕ್ಸ್ ಕೂರಿಸಿದ್ದೀವಿ. ಕಥೆ ಸುಳ್ಳಾದ್ರೂ ಕಥೆ, ಅದು ಯಾರಿಗೂ ಮೋಸ ಮಾಡಲ್ಲ.

ಹಂಗಂತ ಹಿರಿಯರ ಹತ್ರ ಏನೂ ಇರಲಿಲ್ವಾ? ಇತ್ತು, ಬೇಕಾದಷ್ಟು ಇತ್ತು, ಆದ್ರೆ ನಾವು ಹುಡುಕ್ತಿರೋ ಜಾಗದಲ್ಲಿ ಇಲ್ಲ ಅಷ್ಟೇ. ಅದಕ್ಕೇ ಇವತ್ತು ನಮ್ಮಜ್ಜನ ಪಂಚಾಂಗದ ಬಗ್ಗೆ ಮಾತಾಡೋಣ ಅಂತ ಬಂದೆ.

ಅಜ್ಜನ ಪಂಚಾಂಗ ಜಗಲಿ ಗೋಡೆಯ ಮೊಳೆಗೆ ನೇತಾಡ್ತಿರೋದು. ಹಬ್ಬ, ತಿಥಿ, ರಾಹುಕಾಲ ಎಲ್ಲಾ ಅಜ್ಜಿಯ ಡಿಪಾರ್ಟ್‌ಮೆಂಟು. ಅಜ್ಜ ನೋಡ್ತಿದ್ದಿದ್ದು ಮಳೆ ನಕ್ಷತ್ರ ಮಾತ್ರ. ಇದು ಈಗಿನ ಮಕ್ಕಳಿಗೆ ಗೊತ್ತಿರಲ್ಲ, ಸ್ವಲ್ಪ ಬಿಡಿಸಿ ಹೇಳ್ತೀನಿ. 27 ನಕ್ಷತ್ರ ಇದಾವೆ, ಸೂರ್ಯ ವರ್ಷಕ್ಕೆ ಒಂದು ಸುತ್ತು ಹಾಕ್ತಾನೆ, ಅಂದ್ರೆ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರ್ತಾನೆ. ಆ ಹದಿನಾಲ್ಕು ದಿನದಲ್ಲಿ ಬರೋ ಮಳೆಗೆ ಆ ನಕ್ಷತ್ರದ ಹೆಸರು. ಮೇ 25ರ ಹೊತ್ತಿಗೆ ರೋಹಿಣಿ, ಜೂನ್ 8ರ ಸುಮಾರಿಗೆ ಮೃಗಶಿರ, 22ಕ್ಕೆ ಆರಿದ್ರಾ, ಜುಲೈಯಲ್ಲಿ ಪುನರ್ವಸು, ಪುಷ್ಯ, ಆಗಸ್ಟಲ್ಲಿ ಆಶ್ಲೇಷ, ಮಘೆ, ಹೀಗೆ ಹೋಗುತ್ತೆ. ಗಮ್ಮತ್ತು ನೋಡಿ, ನಮ್ಮ ಹೆಚ್ಚಿನ ಹಬ್ಬಗಳು ಚಂದ್ರನ ಲೆಕ್ಕ, ಒಂದು ವರ್ಷ ಗಣಪತಿ ಹಬ್ಬ ಆಗಸ್ಟಲ್ಲಿ ಬಂದ್ರೆ ಇನ್ನೊಂದು ವರ್ಷ ಸೆಪ್ಟೆಂಬರಲ್ಲಿ, ಯಾಕಂದ್ರೆ ಚಾಂದ್ರ ವರ್ಷಕ್ಕೆ 354 ದಿನ, ಹನ್ನೊಂದು ದಿನ ಹಿಂದೆ ಬೀಳ್ತಾ ಬೀಳ್ತಾ ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಹಾಕಿ ಸರಿ ಮಾಡ್ಬೇಕು. ಅದನ್ನ ನಂಬ್ಕೊಂಡು ಬೀಜ ಬಿತ್ತಿದ್ರೆ ರೈತ ಮುಳುಗಿಹೋಗ್ತಾನೆ. ಹಾಗಾಗಿ ದೇವರಿಗೆ ಚಂದ್ರ, ಗದ್ದೆಗೆ ಸೂರ್ಯ. ಒಂದೇ ಪುಸ್ತಕದಲ್ಲಿ ಎರಡು ಗಡಿಯಾರ. ನಮ್ಮಜ್ಜ ಓದಿದ್ದು ನಾಲ್ಕನೇ ಕ್ಲಾಸು, ಈ ಎರಡು ಗಡಿಯಾರ ಯಾವತ್ತೂ ಕಲಸಿಕೊಳ್ತಿರಲಿಲ್ಲ.

ನೆನಪಿಟ್ಕೊಳ್ಳೋಕೆ ಗಾದೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು. ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ ಅನ್ನೋದೂ ಇದೆ, ಆದ್ರೆ ಅದು ಬಯಲುಸೀಮೆ ಗಾದೆ, ನಮ್ಮ ಸಾಗರದಲ್ಲಿ ಜೋಳ ಎಲ್ಲಿ ಬರಬೇಕು ಸ್ವಾಮಿ. ಒಂದು ಸಲ ಧಾರವಾಡ ಕಡೆಯ ನೆಂಟರೊಬ್ಬರು ಬಂದು ಇದನ್ನ ಹೇಳಿದಾಗ ಅಜ್ಜ "ಅದು ನಿಮ್ಮೂರ ಮಳೆ, ನಮ್ಮೂರಿಗೆ ಬರೋದು ಬೇರೆ" ಅಂದುಬಿಟ್ರು. ಎಲ್ಲೋ ಒಂದು ಊರಲ್ಲಿ ನೂರಾರು ವರ್ಷ ಕಣ್ಣಿಟ್ಟು ನೋಡಿದವರ ಮಾತನ್ನ ಇಡೀ ದೇಶಕ್ಕೆ ಅಂಟಿಸೋಕೆ ಬರಲ್ಲ ಅನ್ನೋದು ಅವರಿಗೆ ಹೇಳಿಕೊಡದೇ ಗೊತ್ತಿತ್ತು.

ಇನ್ನೊಂದು ವಿಷಯ, ಇದು ನನಗೆ ದೊಡ್ಡವನಾದ ಮೇಲೆ ಗೊತ್ತಾಗಿದ್ದು. ಈ ನಕ್ಷತ್ರದ ವರ್ಷಕ್ಕೂ ಋತುಗಳ ವರ್ಷಕ್ಕೂ ಒಂದು ಚೂರು ವ್ಯತ್ಯಾಸ ಇದೆ, ಸುಮಾರು 60-70 ವರ್ಷಕ್ಕೆ ಒಂದು ದಿನ ಜಾರುತ್ತೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು ಮಕರ ಸಂಕ್ರಾಂತಿ ದಿನ, ತಾರೀಖು 1863 ಜನವರಿ 12. ಈಗ ಸಂಕ್ರಾಂತಿ ಯಾವತ್ತು? 14, ಕೆಲವು ವರ್ಷ 15. ಹಂಗಾದ್ರೆ ಸಾವಿರ ವರ್ಷದ ಹಿಂದೆ ಯಾರೋ ಮಳೆ ಗಾದೆ ಕಟ್ಟಿದ್ರೆ ಇಷ್ಟೊತ್ತಿಗೆ ಅದು ಹದಿನಾಲ್ಕು ದಿನಕ್ಕೂ ಹೆಚ್ಚು, ಅಂದ್ರೆ ಹೆಚ್ಚುಕಮ್ಮಿ ಒಂದು ಇಡೀ ನಕ್ಷತ್ರದಷ್ಟು ಜಾರಿರಬೇಕು. ಆದ್ರೂ ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಕೆಲಸಕ್ಕೆ ಬರ್ತಿತ್ತು ಅಂದ್ರೆ ನನಗನ್ಸೋದು, ಮಧ್ಯದಲ್ಲಿ ಒಂದೊಂದು ತಲೆಮಾರೂ ಆಕಾಶ ನೋಡಿ, ಗದ್ದೆ ನೋಡಿ ಗಾದೇನ ತಿದ್ದಿಕೊಂಡು ಬಂದಿದೆ. ಹಳೇದನ್ನ ಹಂಗೇ ಕಾಪಾಡ್ಕೊಂಡು ಬಂದಿದ್ರೆ ಹಾಳಾಗಿರೋದು. ಇದನ್ನ ಯಾರೂ ಫಾರ್ವರ್ಡ್ ಮಾಡಲ್ಲ, ಬಿಡಿ.

ಅಡಿಕೆಯವರಿಗೆ ಕೊಳೆ ರೋಗ ಗೊತ್ತಿರುತ್ತೆ. ಆಷಾಢದ ಜಡಿಮಳೇಲಿ ಎಳೇ ಕಾಯೆಲ್ಲಾ ಬಿಳಿ ಬೂಸಲು ಹಿಡಿದು ಮರದ ಬುಡಕ್ಕೆ ಬಿದ್ದಿರುತ್ತೆ, ಬೆಳಗ್ಗೆ ಎದ್ದು ತೋಟಕ್ಕೆ ಹೋದ್ರೆ ಹೊಟ್ಟೆ ಉರಿಯುತ್ತೆ. ಅಜ್ಜನ ಅಪ್ಪನ ಕಾಲದಲ್ಲಿ ಇದಕ್ಕೆ ಇದ್ದಿದ್ದು ಕೊಟ್ಟೆ ಕಟ್ಟೋದು, ಅಂದ್ರೆ ಒಂದೊಂದು ಗೊನೆಗೂ ಕೊಡೆ ಥರ ಹೊದಿಕೆ ಕಟ್ಟೋದು, ಮಳೆ ಹಿಡಿಯೋಕೆ ಮುಂಚೆ ಕೊನೆಗೌಡ, ಅಂದ್ರೆ ಅಡಿಕೆ ಮರ ಹತ್ತೋ ಆಳು, ಪ್ರತಿ ಮರ ಹತ್ತಬೇಕು. ಆಮೇಲೆ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಕೆನಡಾದಿಂದ ಲೆಸ್ಲಿ ಕೋಲ್ಮನ್ ಅಂತ ಒಬ್ರು ಬಂದ್ರು, ಕೊಳೆ ರೋಗದ ಬಗ್ಗೆ ಅಧ್ಯಯನ ಮಾಡಿ ಬೋರ್ಡೋ ದ್ರಾವಣ ಹೊಡೀರಿ ಅಂತ ಹೇಳಿಕೊಟ್ರು. ಒಂದು ಕೇಜಿ ಮೈಲುತುತ್ತ ಅಂದ್ರೆ ಕಾಪರ್ ಸಲ್ಫೇಟ್, ಒಂದು ಕೇಜಿ ಸುಣ್ಣ, ನೂರು ಲೀಟರ್ ನೀರು. ಫ್ರಾನ್ಸಿನ ದ್ರಾಕ್ಷಿ ತೋಟದ ಮದ್ದು, ಕೆನಡಾದ ಸಾಹೇಬ, ಮಲೆನಾಡಿನ ಅಡಿಕೆ.

ನಮ್ಮಜ್ಜ ಇದನ್ನ ಹೆಂಗೆ ತಗೊಂಡ್ರು ಅಂದ್ರೆ, ಮೊದಲ ಮದ್ದು ಮೃಗಶಿರ ಮಳೆ ಬಲ ಹಿಡಿಯೋದ್ರೊಳಗೆ, ಎರಡನೇದು 40-45 ದಿನಕ್ಕೆ, ಅಂದ್ರೆ ಪುಷ್ಯದಲ್ಲಿ ಮಳೆ ನಿಂತು ಸ್ವಲ್ಪ ಹೊಳ ಬಿಟ್ಟ ದಿನ. ಮದ್ದು ಹೊಸದು, ಅದಕ್ಕೆ ಲೆಕ್ಕ ಹಳೇದು. ಡ್ರಮ್ಮಿಗೆ ಅರಿಶಿನ ಕುಂಕುಮ ಇಟ್ಟು, ಕಾಯಿ ಒಡೆದು, ಆಮೇಲೆ ತಿಕ್ಕಿ ಬೆಳಗಿದ ಕತ್ತಿ ಅದರೊಳಗೆ ಅದ್ದಿ ನೋಡೋರು, ಕತ್ತಿ ಮೇಲೆ ತಾಮ್ರದ ಕೆಂಪು ಕೂತ್ರೆ ಸುಣ್ಣ ಸಾಲದು ಅಂತ ಅರ್ಥ, ಇನ್ನೊಂದಿಷ್ಟು ಹಾಕಿ ಅನ್ನೋರು. ನಾವು ಮಕ್ಕಳಿಗೆ ಕಾಯಿ ಒಡೆಯೋದೂ ಕತ್ತಿ ಅದ್ದೋದೂ ಎರಡೂ ಒಂದೇ ಪೂಜೆ ಅಂತಲೇ ಅನಿಸ್ತಿತ್ತು. ನಿಜ ಹೇಳ್ಬೇಕಂದ್ರೆ ಅಜ್ಜಂಗೂ ಹಂಗೇ ಇದ್ದಿರಬಹುದು. ದೇವರ ಕೆಲಸ ಅಂದ್ಮೇಲೆ ಅರ್ಧಂಬರ್ಧ ಮಾಡೋಕಾಗಲ್ಲ, ನಾಳೆ ಮಾಡಿದ್ರಾಯ್ತು ಅನ್ನೋಕಾಗಲ್ಲ. ನನ್ನ ಪ್ರಕಾರ ಆಚರಣೆಯ ಶಕ್ತಿ ಇರೋದು ಅಲ್ಲಿ, ಮಾಡಲೇಬೇಕಾದ್ದನ್ನ ಮರೆಯದ ಹಂಗೆ ಮಾಡೋದ್ರಲ್ಲಿ.

ಭೂಮಿ ಹುಣ್ಣಿಮೆ ತಗೊಳ್ಳಿ. ನೀವು ಬಯಲುಸೀಮೆಯವರು ಶೀಗಿ ಹುಣ್ಣಿಮೆ ಅಂತೀರಿ. ಆಶ್ವಯುಜದ ಹುಣ್ಣಿಮೆ, ಗದ್ದೆಯಲ್ಲಿ ಭತ್ತ ಹೊಡೆ ತುಂಬಿರುತ್ತೆ, ಅಂದ್ರೆ ಭೂಮ್ತಾಯಿ ಬಸುರಿ, ಅವಳಿಗೆ ಬಯಕೆ ಊಟ. ನಮ್ಮ ಕಡೆ ಇದನ್ನ ಭರ್ಜರಿಯಾಗಿ ಮಾಡೋರು ದೀವರು ಅನ್ನೋ ಸಮುದಾಯದವರು. ಬುಟ್ಟಿಗೆ ಕೆಮ್ಮಣ್ಣು ಬಳಿದು, ಪುಂಡಿ ನಾರಿನ ಬ್ರಷ್ಷಲ್ಲಿ ಅಕ್ಕಿ ಹಿಟ್ಟಿನ ಬಿಳಿಯಿಂದ ಚಿತ್ತಾರ ಬರೀತಾರೆ, ಏಣಿ, ಭತ್ತದ ತೆನೆ, ಗೆರೆ ಗೆರೆ, ಎಷ್ಟು ಸಣ್ಣ ಗೆರೆ ಅಂದ್ರೆ ನೋಡ್ತಾ ಕೂತ್ರೆ ಕಣ್ಣು ನೋಯುತ್ತೆ. ರಾತ್ರಿಯಿಡೀ ಹೆಂಗಸರು ಅಡುಗೆ ಮಾಡ್ತಾರೆ, ಬೆಳಕು ಹರಿಯೋ ಮುಂಚೆ ಗದ್ದೆಗೆ ಹೋಗಿ ಅಚ್ಚಂಬ್ಲಿ ಹಾಲಂಬ್ಲಿ ಅಂತ ಕೂಗ್ತಾ ಬೀರಿಕೊಂಡು ಬರ್ತಾರೆ. ನಮ್ಮ ಪಕ್ಕದ ಮನೆ ಅಮ್ಮ ಹಿಂದಿನ ದಿನ ಸೊಪ್ಪು ಕೊಯ್ಯೋಕೆ ಹೊರಟ್ರೆ ನಾವೂ ಹಿಂದೆ ಬೀಳ್ತಿದ್ವಿ. ಬೆರಕೆ ಸೊಪ್ಪು ಅದು, ಬೇಲಿ ಮೇಲಿಂದ, ಹಳ್ಳದ ದಂಡೆಯಿಂದ, ಗುಡ್ಡದಿಂದ, ಎಷ್ಟು ಜಾತಿ ಸಿಕ್ಕುತ್ತೋ ಅಷ್ಟು. ಆಯಮ್ಮ ಒಂದೊಂದನ್ನೂ ಚಿವುಟಿ ಮೂಸಿ ನೋಡಿ ಇದು ತಿನ್ನೋದು, ಇದು ಮಜ್ಜಿಗೆ ಹುಳಿಗೆ ಆಗುತ್ತೆ, ಇದನ್ನ ಮುಟ್ಟಬೇಡ ಅನ್ನೋರು. ಇದರಲ್ಲಿ ಇಂಥಿಂಥ ವಿಟಮಿನ್ ಇದೆ ಅಂತ ಅವರು ಹೇಳಲಿಲ್ಲ, ನಾನೂ ಹೇಳಲ್ಲ. ಆದ್ರೆ ವರ್ಷಕ್ಕೊಂದು ಸಲ ಊರಿನ ಗಿಡಗಂಟಿಯ ಪರಿಚಯ ಹೊಸದಾಗಿ ಮಾಡ್ಕೊಳ್ಳಲೇಬೇಕಾದ ಒಂದು ದಿನ ಕ್ಯಾಲೆಂಡರಲ್ಲಿ ಇತ್ತು, ಮಕ್ಕಳ ಸಮೇತ. ಇವತ್ತು ಊರಿಗೆ ಹೋದ್ರೆ ಭೂಮಿ ಹುಣ್ಣಿಮೆ ಇದೆ, ಬುಟ್ಟಿ ಚಿತ್ತಾರಕ್ಕೆ ಬೆಂಗಳೂರಲ್ಲಿ ಎಕ್ಸಿಬಿಷನ್ ಇದೆ, ಆ ಸೊಪ್ಪು ಗುರುತು ಹಿಡಿಯೋರು ಕಮ್ಮಿ ಆಗಿದ್ದಾರೆ. ಎಷ್ಟೋ ಗದ್ದೆ ಅಡಿಕೆ ತೋಟ ಆಗಿಹೋಯ್ತು, ಅಲ್ಲಿ ಹೊಡೆ ಬರೋಕೆ ಭತ್ತವೇ ಇಲ್ಲ, ಆದ್ರೂ ತೋಟಕ್ಕೇ ಹೋಗಿ ಬಯಕೆ ಹಾಕಿ ಬರ್ತಾರೆ.

ರಾತ್ರಿ ಉಗುರು ಕತ್ತರಿಸಬಾರದು, ಮುಸ್ಸಂಜೆ ಕಸ ಗುಡಿಸಬಾರದು, ಇದೆಲ್ಲಾ ಬುಡ್ಡಿ ದೀಪದ ಕಾಲದ್ದು, ಯಾರಿಗಾದ್ರೂ ಅರ್ಥ ಆಗುತ್ತೆ, ಅದಕ್ಕೆ ಟೈಮ್ ಹಾಕೋದು ಬೇಡ.

ಆದ್ರೆ ಒಂದನ್ನ ಹೇಳದೇ ಹೋದ್ರೆ ತಪ್ಪಾಗುತ್ತೆ. ಎಲ್ಲದರ ಹಿಂದೆಯೂ ಏನೋ ಒಳ್ಳೇ ಕಾರಣ ಇದ್ದೇ ಇರುತ್ತೆ ಅನ್ನೋದು ಇದೆಯಲ್ಲ, ಅದನ್ನ ನಾನು ಒಪ್ಪಲ್ಲ. ನಮ್ಮನೇಲಿ ಹೆಂಗಸರು ಮೂರು ದಿನ ಹೊರಗೆ ಕೂರೋರು. ಹಿತ್ತಲ ಕಡೆ ಒಂದು ಮಾಡಿನ ಕೆಳಗೆ ಒಂದು ಚಾಪೆ, ಒಂದು ಚೊಂಬು, ಮಳೆಗಾಲದಲ್ಲಿ ಇರಚಲು ಹೊಡೆದ್ರೆ ಚಾಪೆ ಒದ್ದೆ. ಈಗ ಭಾಷಣ ಮಾಡೋರು ಅದು ಹೆಣ್ಣುಮಕ್ಕಳಿಗೆ ರೆಸ್ಟ್ ಸಿಗ್ಲಿ ಅಂತ ಹಿರಿಯರು ಮಾಡಿದ ವ್ಯವಸ್ಥೆ ಅಂತಾರೆ. ನಮ್ಮ ಅತ್ತೆ ಒಬ್ಬರಿದ್ದಾರೆ, ಅವರ ಮುಂದೆ ಇದನ್ನ ಯಾರೋ ಹೇಳಿದ್ರು, ಅವರು ನಕ್ಕುಬಿಟ್ಟು "ರೆಸ್ಟಾ? ಅಡುಗೆಮನೆಗೆ ಬರಬೇಡ ಅಂದ್ರು, ಅಷ್ಟೇ. ಒಣಗೆಲೆ ದರಗು ಗುಡಿಸೋದು, ರಾಶಿ ಬಟ್ಟೆ ಒಗೆಯೋದು, ಕಟ್ಟಿಗೆ ಒಟ್ಟೋದು ಎಲ್ಲಾ ಆ ಮೂರು ದಿನಕ್ಕೇ ಇಟ್ಟಿರೋರು" ಅಂದ್ರು. ಆಮೇಲೆ ಆ ಮಾತು ಅಲ್ಲಿಗೇ ನಿಂತುಹೋಯ್ತು. ಒಂದು ಆಚರಣೆ ಒಳ್ಳೇದಾ ಕೆಟ್ಟದ್ದಾ ಅಂತ ಕೇಳೋದಿದ್ರೆ ಅದನ್ನ ಅನುಭವಿಸಿದವರನ್ನ ಕೇಳಬೇಕಪ್ಪ, ಜಗಲಿ ಮೇಲೆ ಎಲೆ ಅಡಿಕೆ ಹಾಕ್ಕೊಂಡು ಕೂತಿದ್ದವರನ್ನಲ್ಲ. ನಮ್ಮಜ್ಜಿಗೇ ಮಡಿ ಅಂದ್ರೆ ಪ್ರಾಣ, ಆದ್ರೂ ಕೊನೇ ಸೊಸೆ ಬಂದ ಮೇಲೆ ಒಂದು ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು, ಅಜ್ಜಿ ಒಳಗೆ ಕರ್ಕೊಂಡು ಬಂದು ನಡುಮನೇಲಿ ಹಾಸಿಗೆ ಹಾಸಿದಳು. ಆಮೇಲೆ ಯಾರೂ ಹೊರಗೆ ಕೂರಲಿಲ್ಲ. ಅದಕ್ಕೆ ಶಾಸ್ತ್ರ ಹುಡುಕಲಿಲ್ಲ, ಘೋಷಣೆ ಮಾಡಲಿಲ್ಲ, ಅಜ್ಜ ಕೇಳಿದ್ದಕ್ಕೆ "ಮಳೆ ಜೋರು" ಅಂದಳಂತೆ, ಅಷ್ಟೇ. ಅಜ್ಜ ಮದ್ದಿನ ಡ್ರಮ್ಮಿಗೆ ಕಾಯಿ ಒಡೆದಿದ್ದೂ ಇದೂ ಒಂದೇ ಬುದ್ಧಿ ಅಂತ ನನಗನ್ಸುತ್ತೆ. ಹಿಡಿಬೇಕಾದ್ದನ್ನ ಹಿಡಿದ್ರು, ಬಿಡಬೇಕಾದ್ದನ್ನ ಸದ್ದಿಲ್ಲದೆ ಬಿಟ್ರು, ನಾವು ಮಾತ್ರ ಎರಡಕ್ಕೂ ಮೈಕ್ ಹಿಡ್ಕೊಂಡಿದ್ದೀವಿ, ನಾನೂ ಸೇರಿ.

ಪಂಚಾಂಗದ ಮಾತು ಅರ್ಧಕ್ಕೆ ಬಿಟ್ಟಿದ್ದೆ. ಅಜ್ಜ ಹೋದ ಮೇಲೆ ಅಟ್ಟ ಖಾಲಿ ಮಾಡುವಾಗ ಹಳೇ ಪಂಚಾಂಗದ ಕಟ್ಟು ಸಿಕ್ತು, ಅರ್ಧಕ್ಕರ್ಧ ಗೆದ್ದಲು ತಿಂದಿತ್ತು. ಉಳಿದಿದ್ದರ ಅಂಚಲ್ಲಿ ಪೆನ್ಸಿಲಲ್ಲಿ ಸಣ್ಣ ಸಣ್ಣ ಅಕ್ಷರ. "ಆರಿದ್ರಾ, ಬಂದಿಲ್ಲ." "ಪುಷ್ಯ, ಎರಡನೇ ಮದ್ದು ಆಗಲಿಲ್ಲ, ಕೊಳೆ ಜಾಸ್ತಿ." "ಚಿತ್ತೆ ಗುಡುಗು, ಕೊಯ್ಲು ಹಾಳು." ಅಚ್ಚಾಗಿರೋ ಮಳೆ ಫಲ ಒಂದು, ಪಕ್ಕದಲ್ಲಿ ಅಜ್ಜ ಬರೆದಿದ್ದು ಇನ್ನೊಂದು, ಬಹಳ ಕಡೆ ತಾಳೆಯೇ ಆಗಲ್ಲ. ಆದ್ರೂ ಪ್ರತಿ ಯುಗಾದಿಗೆ ಹೊಸ ಪಂಚಾಂಗ ತಂದು ಪೂಜೆ ಮಾಡಿ ಓದಿಸೋರು, ಮತ್ತೆ ಅಂಚಲ್ಲಿ ತಮ್ಮ ಲೆಕ್ಕ ಬರೆಯೋರು. ಈಗ ನಮ್ಮ ಕಸಿನ್ ತೋಟದಲ್ಲಿ ಮಳೆ ಮಾಪಕ ಇಟ್ಟಿದ್ದಾನೆ, ದಿನಾ ಬೆಳಗ್ಗೆ ಎಂಟೂವರೆಗೆ ನೋಡಿ ಅವರ ಊರಿನ ಗ್ರೂಪಿಗೆ ಹಾಕ್ತಾನೆ, ಇಷ್ಟು ಮಿಲಿಮೀಟರ್ ಅಂತ, ಮುಂದೆ ನಕ್ಷತ್ರದ ಹೆಸರೂ ಹಾಕ್ತಾನೆ. ಅದೇ ಗ್ರೂಪಲ್ಲೇ ಉತ್ತರಕ್ಕೆ ತಲೆ ಹಾಕಬೇಡಿ ಅನ್ನೋ ಮೆಸೇಜೂ ಬರುತ್ತೆ, ಏನ್ ಮಾಡೋದು.

ನಿಮ್ಮನೇಲೂ ಅಟ್ಟದ ಮೇಲೆ ಹಳೇ ಪಂಚಾಂಗ, ಲೆಕ್ಕದ ಪುಸ್ತಕ, ಅಜ್ಜಿಯ ಅಡುಗೆ ಚೀಟಿ ಇದ್ರೆ ರದ್ದಿಯವನಿಗೆ ಹಾಕೋ ಮುಂಚೆ ಅಂಚು ಒಂದು ಸಲ ನೋಡಿ, ಫೋಟೋ ತೆಗೆದು ನಂಗೂ ಕಳಿಸಿ, ನಾನು ಇಂಥವನ್ನ ಒಟ್ಟು ಮಾಡ್ತಿದ್ದೀನಿ. ಟೈಮ್ ಆಯ್ತು ಅಂತ ಹಿಂದಿನಿಂದ ಚೀಟಿ ಬಂತು. ಪ್ರಶ್ನೆ ಇದ್ದವರು ಕೇಳಿ, ಆ ಹೊರಗೆ ಕೂರೋ ವಿಷಯಕ್ಕೆ ಜಗಳ ಮಾಡೋರು ಇದ್ರೆ ಅವರನ್ನೇ ಮೊದಲು ಕರೀರಿ.