ಹಳೆ ಕಾರಿನ ಸೀಟ್ ಬೆಲ್ಟ್ ಯಾವ ಕಾಲದ್ದು?

ಎಲ್ಲರಿಗೂ ನಮಸ್ಕಾರ. ಹಳೆ ಕಾರು ಕಂಡರೆ ನಾವು ಮೊದಲು ಬಾನೆಟ್ ಎತ್ತುತ್ತೇವೆ, ಎಂಜಿನ್ ನಂಬರ್ ನೋಡುತ್ತೇವೆ, ಬಣ್ಣ ಮೂಲದ್ದೇ ಅಲ್ವಾ ಅಂತ ಗಂಟೆಗಟ್ಟಲೆ ಮಾತಾಡುತ್ತೇವೆ. ಬೆಲ್ಟ್ ಕಡೆ ಮಾತ್ರ ಯಾರೂ ತಿರುಗಿ ನೋಡುವುದಿಲ್ಲ. ನನಗೆ ಇದು ನಿಜಕ್ಕೂ ಬೇಜಾರು. ಆ ಕಾರಿನಲ್ಲಿ ಓಡಾಡಿದವರ ಜೀವ ಕಾಯಲು ಇದ್ದ ವಸ್ತು ಅದು.

ಕೆಲವು ವರ್ಷಗಳ ಹಿಂದೆ ನಾನು ಒಂದು ಜೊತೆ ಬೆಲ್ಟ್ ಕೊಂಡೆ. 1965ರದ್ದು, ಕಾರಿನ ಜೊತೆಗೇ ಬಂದದ್ದು ಅಂದರು. ಬಕಲ್ ಹಳೆಯದೇ, ಕ್ರೋಮ್ ಮಾಸಿತ್ತು, ನಂಬಿದೆ. ಮನೆಗೆ ತಂದು, ಪಟ್ಟಿಯ ತುದಿ ಮಡಚಿ ಹೊಲಿದ ಜಾಗಕ್ಕೆ ಟಾರ್ಚ್ ಓರೆಯಾಗಿ ಹಿಡಿದೆ. ಶಾಯಿ ಬಹುಪಾಲು ಅಳಿಸಿಹೋಗಿದ್ದ ಲೇಬಲ್ ಮೇಲೆ ಒಂದು ಸಣ್ಣ ವೃತ್ತ, ಅದರೊಳಗೆ ಇಂಗ್ಲಿಷಿನ 'ಇ' (E) ಅಕ್ಷರ, ಪಕ್ಕದಲ್ಲಿ 11. ಅಲ್ಲಿಗೆ ಕತೆ ಮುಗಿಯಿತು. ಬೆಲ್ಟ್‌ಗಳಿಗೆ ಆ ಗುರುತು ಕೊಡುವ ಯುರೋಪಿನ 16ನೇ ನಿಯಮ ಜಾರಿಗೆ ಬಂದದ್ದೇ 1970ರ ಡಿಸೆಂಬರ್‌ನಲ್ಲಿ. ಪಕ್ಕದ ಸಂಖ್ಯೆ ಒಪ್ಪಿಗೆ ಕೊಟ್ಟ ದೇಶದ್ದು: 11 ಅಂದರೆ ಬ್ರಿಟನ್, 1 ಜರ್ಮನಿ, 5 ಸ್ವೀಡನ್. ಅದೇ ಲೇಬಲ್‌ನಲ್ಲಿ 'ಎ' (A) ಅಂತಿದ್ದರೆ ಮೂರು ಬಿಂದುವಿನ ಬೆಲ್ಟ್, ಅಂದರೆ ಮೂರು ಕಡೆ ಬಿಗಿದು ಭುಜ, ಸೊಂಟ ಎರಡನ್ನೂ ಹಿಡಿಯುವುದು; 'ಬಿ' (B) ಅಂತಿದ್ದರೆ ಬರೀ ಸೊಂಟದ್ದು.

ಅದಕ್ಕೇ ಹೇಳುವುದು, ಬಕಲ್ ಒಂದನ್ನೇ ನೋಡಿ ತೀರ್ಮಾನ ಮಾಡಬೇಡಿ. ಬಕಲ್ ಬದಲಾಯಿಸುವುದು ಸುಲಭ, ಪಟ್ಟಿಗೆ ಹೊಲಿದ ಲೇಬಲ್ ಬದಲಾಯಿಸುವುದು ಕಷ್ಟ. ಲೇಬಲ್‌ನಲ್ಲಿ ತಯಾರಾದ ವರ್ಷ, ಕೆಲವೊಮ್ಮೆ ವಾರವೂ ಇರುತ್ತದೆ. ಅದು ಕಾರು ತಯಾರಾದ ದಿನಕ್ಕಿಂತ ಸ್ವಲ್ಪ ಹಿಂದಿನದಾಗಿರಬೇಕು. ಕಾರಿಗಿಂತ ಬೆಲ್ಟ್ ಹೊಸದಾಗಿದ್ದರೆ, ಯಾರೋ ಆಮೇಲೆ ಹಾಕಿಸಿದ್ದು ಅಂತಲೇ ಅರ್ಥ.

ಹಾಗಂತ ಬಕಲ್ ಏನೂ ಹೇಳುವುದಿಲ್ಲ ಅಂತಲ್ಲ. ವಿಮಾನದಲ್ಲಿ ನೋಡುತ್ತೀರಲ್ಲ, ಮುಚ್ಚಳ ಎತ್ತಿ ಬಿಡಿಸುವ ಬಗೆ, ಅದು ಹಳೆಯದು. ಒತ್ತುವ ಗುಂಡಿ ಎಲ್ಲ ಕಡೆ ಹರಡಿದ್ದು ಆಮೇಲೆ. ಜನರಲ್ ಮೋಟರ್ಸ್ ಕಾರುಗಳ ಗುಂಡಿಯ ಮೇಲೆ, ಅವುಗಳ ಬಾಡಿ ಕಟ್ಟುತ್ತಿದ್ದ ಫಿಶರ್ ಕಂಪನಿಯ ಕುದುರೆಗಾಡಿ ಚಿತ್ರ ಸಿಕ್ಕರೆ ಬೆರಳಿನಿಂದ ಸವರಿ ನೋಡಿ, ಉಬ್ಬು ಕೈಗೆ ಹತ್ತುತ್ತದೆ. ಬ್ರಿಟನ್ನಿನಲ್ಲಿ ಟೋಪಿಗೆ ಹೆಸರಾದ ಕ್ಯಾಂಗಾಲ್ ಅಯಸ್ಕಾಂತ ಇರುವ ಬಕಲ್ ಮಾಡುತ್ತಿತ್ತು, ಪ್ಯಾರಾಚೂಟ್ ಮಾಡುವ ಇರ್ವಿನ್ ಕೂಡ ಬೆಲ್ಟ್ ಮಾಡುತ್ತಿತ್ತು. ಈ ಹೆಸರುಗಳು ಲೋಹದ ಹಿಂಬದಿಯಲ್ಲಿ ಇರಬಹುದು, ತಿರುಗಿಸಿ ನೋಡಿ.

ಇನ್ನು ಬೆಲ್ಟ್‌ನ ಆಕಾರ. ವೋಲ್ವೋದ ನಿಲ್ಸ್ ಬೋಲಿನ್ ಅವರ ಮೂರು ಬಿಂದುವಿನ ಬೆಲ್ಟ್ ಕಾರಿಗೆ ಬಂದದ್ದು 1959ರಲ್ಲಿ. ಪೇಟೆಂಟ್ ಇದ್ದರೂ ಬೇರೆ ಕಂಪನಿಗಳೂ ಬಳಸಲಿ ಅಂತ ವೋಲ್ವೋ ಬಿಟ್ಟುಕೊಟ್ಟಿತು. ಅಮೆರಿಕದ ಕತೆ ಬೇರೆ. ಅಲ್ಲಿ 1968ರ ಜನವರಿ 1ರಿಂದ ಹೊಸ ಕಾರುಗಳಿಗೆ ಬೆಲ್ಟ್ ಕಡ್ಡಾಯವಾಯಿತು, ಆದರೆ ಬಹಳಷ್ಟು ಕಾರುಗಳಲ್ಲಿ ಭುಜದ ಪಟ್ಟಿ, ಸೊಂಟದ ಪಟ್ಟಿ ಬೇರೆ ಬೇರೆ, ಭುಜದ್ದನ್ನು ಬಾಗಿಲ ಮೇಲೆ ಛಾವಣಿಯ ಅಂಚಿಗೆ ಸಿಕ್ಕಿಸಿಡುತ್ತಿದ್ದರು. ಎರಡೂ ಒಂದಾಗಿರುವುದು ಸಾಮಾನ್ಯವಾಗಿ 1974ರ ಮಾದರಿಯಿಂದ ಈಚೆಗೆ. ಆದ್ದರಿಂದ 1969ರ ಅಮೆರಿಕನ್ ಕಾರಿನಲ್ಲಿ ಒಂದೇ ನಾಲಿಗೆಯ (ಬಕಲ್‌ಗೆ ತೂರಿಸುವ ಲೋಹದ ತುದಿ) ಮೂರು ಬಿಂದುವಿನ ಬೆಲ್ಟ್ ಕಂಡರೆ ನಾನು ಸುಮ್ನೆ ಒಪ್ಪುವುದಿಲ್ಲ, ಇನ್ನೊಂದು ಸಲ ಲೇಬಲ್ ಹುಡುಕುತ್ತೇನೆ.

ತಾನಾಗಿ ಸುತ್ತಿಕೊಳ್ಳುವ ರೀಲ್ ಇದ್ದರೆ ಅದನ್ನು ಕೂರಿಸಿದ ಕೋನ ಗಮನಿಸಿ. ಒಳಗಿರುವ ಗುಂಡೋ ಲೋಲಕವೋ ಓರೆಯಾದರೆ ಸಾಕು, ರೀಲ್ ಹಿಡಿದುಕೊಳ್ಳುತ್ತದೆ. ಬೇರೆ ಕಾರಿನದ್ದನ್ನು ತಂದು ಹಾಕಿದರೆ ಪಟ್ಟಿ ಹೊರಗೇ ಬರುವುದಿಲ್ಲ. ಬೋಲ್ಟ್‌ಗಳು ಸಾಮಾನ್ಯವಾಗಿ 7/16 ಇಂಚಿನವು, ಅದರಿಂದ ಗುರುತು ಹಿಡಿಯಲು ಆಗದು.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಮೂಲ ಬೆಲ್ಟ್ ಸಿಕ್ಕಿತು ಅಂತ ಅದನ್ನೇ ಹಾಕಿಕೊಂಡು ಹೆದ್ದಾರಿಗೆ ಹೋಗಬೇಡಿ. ಬಿಸಿಲು ನೈಲಾನ್ ಎಳೆಗಳನ್ನು ತಿನ್ನುತ್ತದೆ, ಹೊಲಿಗೆ ಸಡಿಲವಾಗುತ್ತದೆ. ಅಪಘಾತ ಕಂಡ ಬೆಲ್ಟ್ ಆದರಂತೂ ಬೇಡವೇ ಬೇಡ. ಬಕಲ್ ಚೆನ್ನಾಗಿದ್ದರೆ, ಬಲ ಪರೀಕ್ಷೆ ಮಾಡಿಕೊಡುವವರ ಹತ್ತಿರ ಹೊಸ ಪಟ್ಟಿ ಹೊಲಿಸಿ. ಹಳೆ ಪಟ್ಟಿಯನ್ನು ಲೇಬಲ್ ಸಮೇತ ಜೋಪಾನವಾಗಿ ತೆಗೆದಿಡಿ.

ಮೇಜಿನ ಮೇಲೆ ಆರು ಬೆಲ್ಟ್ ಇಟ್ಟಿದ್ದೇನೆ. ಟಾರ್ಚ್ ಕೂಡ ಇದೆ. ಹತ್ತಿರ ಬನ್ನಿ, ಮೊದಲು ಎಡಗಡೆಯ ನೀಲಿ ಪಟ್ಟಿಯ ಮಡಿಕೆ ಬಿಡಿಸಿ ನೋಡೋಣ.