ಬಟವಾಡೆಯ ಶನಿವಾರ

ಕೇಳುಗರೇ, ನಮಸ್ಕಾರ. ಈ ಹೊತ್ತಿಗೆ ನಿಮ್ಮಲ್ಲಿ ಕೆಲವರು ಡೈರಿಗೆ ಹಾಲು ಹಾಕಿ ಬಂದು ಕೂತಿರುತ್ತೀರಿ. ಕೆಲವರು ಹುಳುಮನೆಯಲ್ಲಿ ಸೊಪ್ಪು ಹಾಕುತ್ತಾ ರೇಡಿಯೋ ಪಕ್ಕಕ್ಕೆ ಇಟ್ಟುಕೊಂಡಿರುತ್ತೀರಿ. ಕೆಲಸ ನಿಲ್ಲಿಸಬೇಡಿ. ಕಿವಿ ಈ ಕಡೆ ಇದ್ದರೆ ಸಾಕು.

ನನಗೆ ಕೊಟ್ಟಿರುವ ವಿಷಯದ ಹೆಸರೇ ಒಂದು ಮೈಲಿ ಇದೆ: 'ಸಂಘರ್ಷಪೀಡಿತ ಆರ್ಥಿಕತೆಗಳಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ನೆರವು ಮತ್ತು ಉದ್ಯೋಗ ಸೃಷ್ಟಿ'. ನಾನು ಹೇಳುವುದು ಇಷ್ಟೇ. ಯುದ್ಧ ಮುಗಿದ ದೇಶಕ್ಕೆ ಹೊರಗಿನವರು ದುಡ್ಡು ಕೊಡುತ್ತಾರಲ್ಲ, ಆ ದುಡ್ಡು ಅಲ್ಲಿನ ಜನರ ಕೈಗೆ ಕೂಲಿಯಾಗಿ ಹೋಗಬೇಕು. ಆ ಕೂಲಿ ಅದೇ ಊರಿನ ಅಂಗಡಿಯಲ್ಲಿ ಸುತ್ತಬೇಕು. ಇದನ್ನೇ ನಾಲ್ಕು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಅರ್ಥಶಾಸ್ತ್ರ ಓದಿದವನಲ್ಲ. ಕೋಲಾರ ಜಿಲ್ಲೆಯ ಕೆರೆ ಏರಿಗಳ ಮೇಲೆ ಓಡಾಡಿ ತಲೆ ನೆರೆಸಿಕೊಂಡ ಇಂಜಿನಿಯರ್. ಜಿನೀವಾದಲ್ಲಿ ಕೂತು ದೊಡ್ಡವರು ಬರೆಯುವ ಮಾತು ನನಗೆ ಮೊದಲು ಅರ್ಥವಾಗಿದ್ದು ಮುಳಬಾಗಿಲು ಕಡೆಯ ಒಂದು ಕೆರೆ ಅಂಗಳದಲ್ಲಿ. ಅದನ್ನು ಹೇಳಿಬಿಡುತ್ತೇನೆ, ಉಳಿದಿದ್ದು ತಾನೇ ತಿಳಿಯುತ್ತದೆ.

1985ರ ಬರ. ವಯಸ್ಸಾದವರಿಗೆ ನೆನಪಿರುತ್ತದೆ. ನನಗೆ ಎರಡು ಕೆರೆಗಳ ಹೂಳು ತೆಗೆಸುವ ಕೆಲಸ ಬಂತು. ಎರಡಕ್ಕೂ ಮಧ್ಯೆ ಮೂರು ಮೈಲಿ. ಮೊದಲನೆಯದಕ್ಕೆ ಬುಲ್ಡೋಜರ್ ಬಂತು. ಹನ್ನೊಂದು ದಿನದಲ್ಲಿ ಕೆಲಸ ಮುಗಿಯಿತು. ನನಗೋ ಖುಷಿ. ಆದರೆ ಡ್ರೈವರು ಸೇಲಂ ಕಡೆಯವನು, ಡೀಸೆಲ್ಲು ಕೋಲಾರದ ಬಂಕಿನದು, ಬಾಡಿಗೆ ಹೋಗಿದ್ದು ಬೆಂಗಳೂರಿಗೆ. ಊರಿಗೆ ಸಿಕ್ಕಿದ್ದು ಆ ಡ್ರೈವರು ಕುಡಿದ ಟೀ ಕಾಸು.

ಎರಡನೇ ಕೆರೆಗೆ ಬುಲ್ಡೋಜರ್ ಬರಲೇ ಇಲ್ಲ, ದಾರಿಯಲ್ಲೇ ಕೆಟ್ಟು ನಿಂತಿತು. ಗೊಣಗುತ್ತಲೇ ಜನರನ್ನು ಕರೆದೆ. ಆ ಊರಲ್ಲಿ ಎರಡು ಪಾರ್ಟಿ. ಹಿಂದಿನ ವರ್ಷದ ಜಾತ್ರೆಯಲ್ಲಿ ಕಲ್ಲು ಬಿದ್ದು, ಪೊಲೀಸ್ ವ್ಯಾನ್ ಒಂದು ತಿಂಗಳು ಊರ ಮುಂದೆ ನಿಂತಿತ್ತು. ಈ ಬೀದಿಯವರು ಆ ಬೀದಿಯ ಬಾವಿ ಕಡೆ ತಲೆ ಹಾಕುತ್ತಿರಲಿಲ್ಲ. ನಮ್ಮ ಮೇಸ್ತ್ರಿ ಬುದ್ಧಿವಂತ. ಜೋಡಿ ಕಟ್ಟುವಾಗ ಗುದ್ದಲಿ ಹಿಡಿಯುವವನು ಈ ಪಾರ್ಟಿ, ಮಂಕರಿ ಹೊರುವವರು ಆ ಪಾರ್ಟಿ ಅಂತ ಹಾಕಿಬಿಟ್ಟ. ಕೂಲಿ ಕೊಡುತ್ತಿದ್ದುದು ಗುಂಡಿ ಅಳೆದು. ಗುಂಡಿಯ ನಡುವೆ ಒಂದು ಮಣ್ಣಿನ ಗುಡ್ಡೆ ಹಾಗೇ ಬಿಡುತ್ತಿದ್ದರು. ಅದು ಸಾಕ್ಷಿ, ಎಷ್ಟು ಆಳ ಅಗೆದರು ಅನ್ನುವುದಕ್ಕೆ. ಒಬ್ಬರು ಮೈಗಳ್ಳತನ ಮಾಡಿದರೆ ಇಬ್ಬರಿಗೂ ಖೋತಾ. ಮೂರು ದಿನ ಮೂಕರ ಹಾಗೆ ಕೆಲಸ ಮಾಡಿದರು. ನಾಲ್ಕನೇ ದಿನ ಬೈದಾಡಿದರು. ಐದನೇ ದಿನದಿಂದ, 'ಬೇಗ ತಗೋ ಅಕ್ಕ, ಬಿಸಿಲೇರ್ತದೆ' ಅನ್ನುವಷ್ಟು ಮಾತು ಬಂತು. ಎಲ್ಲರೂ ಸ್ನೇಹಿತರಾದರು ಅಂತ ನಾನು ಕತೆ ಕಟ್ಟಲ್ಲ. ಇವತ್ತಿಗೂ ಅಲ್ಲಿ ಎರಡು ಪಾರ್ಟಿಯೇ.

ನನ್ನ ಕಣ್ಣು ತೆರೆಸಿದ್ದು ಶನಿವಾರದ ಬಟವಾಡೆ. ಏರಿ ಮೇಲಿನ ಹುಣಸೆಮರದ ಕೆಳಗೆ ಟೇಬಲ್ ಹಾಕಿ, ಹೆಬ್ಬೆಟ್ಟು ಒತ್ತಿಸಿ ದುಡ್ಡು ಕೊಡುತ್ತಿದ್ದೆವು. ಮೊದಲನೇ ಶನಿವಾರ ಎಲ್ಲರೂ ದುಡ್ಡು ಸೆರಗಿಗೆ ಕಟ್ಟಿಕೊಂಡು ಹೋದರು. ಎರಡನೇ ಶನಿವಾರ ಒಬ್ಬ ಅಜ್ಜಿ ಮೂರು ಕಲ್ಲು ಹೂಡಿ ಬೋಂಡ ಕರಿಯಲು ಕೂತಳು. ಮೂರನೆಯದಕ್ಕೆ ಬಳೆಗಾರ ಬಂದ. ಆಮೇಲೆ ಒಬ್ಬ ಟೈಲರ್ ಮಿಷನ್ನು ಹೊತ್ತುಕೊಂಡೇ ಬಂದ, ಮಕ್ಕಳ ಚಡ್ಡಿ ಹೊಲಿಯಲು. ಸೆಟ್ಟರ ಅಂಗಡಿಯಲ್ಲಿ ಎರಡು ವರ್ಷದ ಸಾಲದ ಪುಸ್ತಕ ಇತ್ತು. ಅದರಲ್ಲಿ ಒಂದೊಂದೇ ಹೆಸರು ಹೊಡೆದುಹಾಕುತ್ತಾ, ಸೆಟ್ಟರು ಹೊಸ ಸಾಮಾನು ತರಲು ಮುಳಬಾಗಿಲಿಗೆ ಓಡಾಡತೊಡಗಿದರು. ಎರಡು ತಿಂಗಳಿಗೆ ಬೋಂಡದ ಅಜ್ಜಿ ಒಬ್ಬಳೇ ಆಗಲ್ಲ ಅಂತ ಅಕ್ಕನ ಮಗಳನ್ನು ಕೂಲಿಗೆ ಇಟ್ಟುಕೊಂಡಳು. ಆ ಹುಡುಗಿಯ ಹೆಸರು ನನ್ನ ಮಸ್ಟರ್ ರೋಲಿನಲ್ಲಿ, ಅಂದರೆ ಕೂಲಿಯವರ ಹಾಜರಿ ಪುಸ್ತಕದಲ್ಲಿ, ಇರಲಿಲ್ಲ ನೋಡಿ! ಆದರೂ ಆ ಕೆಲಸ ಹುಟ್ಟಿದ್ದು ನಮ್ಮ ಕೆರೆಯಿಂದ. ಎರಡೂ ಕೆರೆಗೆ ಸರ್ಕಾರ ಕೊಟ್ಟಿದ್ದು ಹೆಚ್ಚುಕಮ್ಮಿ ಒಂದೇ ದುಡ್ಡು. ಒಂದು ಊರಲ್ಲಿ ಅದು ನಿಂತಿತು. ಇನ್ನೊಂದರಲ್ಲಿ ಲಾರಿ ಹತ್ತಿ ಹೋಯಿತು.

ಈಗ ಯುದ್ಧದ ದೇಶಕ್ಕೆ ಹೋಗೋಣ. ಯುದ್ಧ ಅಂದರೆ ನಮಗೆ ಟಿವಿ. ಆದರೆ ಕೂಲಿ ನಿಂತ ಊರು ಹೇಗಿರುತ್ತದೆ ಅಂತ ಕೆಜಿಎಫ್‌ನವರನ್ನು ಕೇಳಿ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಮಾರಿಕುಪ್ಪಂ ರೈಲಿನಲ್ಲಿ ಕತ್ತಲೆಗೇ ಬೆಂಗಳೂರಿಗೆ ಹೊರಡುವ ಜನ ಇವತ್ತಿಗೂ ಇದ್ದಾರೆ. ಅದಕ್ಕೆ ಬಂದೂಕು ಸೇರಿಸಿಕೊಳ್ಳಿ. 2003ರ ಮೇ ತಿಂಗಳಲ್ಲಿ ಇರಾಕಿನ ಸೈನ್ಯವನ್ನು ಅಮೆರಿಕದವರು ಒಂದು ಆದೇಶದಲ್ಲಿ ವಿಸರ್ಜನೆ ಮಾಡಿದರು. ಲಕ್ಷಗಟ್ಟಲೆ ಗಂಡಸರಿಗೆ ಸಂಬಳ ನಿಂತಿತು, ಆಯುಧ ಬಳಸುವ ವಿದ್ಯೆ ಮಾತ್ರ ಉಳಿಯಿತು. ಮುಂದೇನಾಯಿತು ಅಂತ ನಾನು ಹೇಳಬೇಕಾಗಿಲ್ಲ.

ನಾನು ಆಗಲೇ ಹೇಳಿದ ಜಿನೀವಾದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಅಂತ ಒಂದಿದೆ, ಐಎಲ್‌ಒ. ಮೊದಲ ಮಹಾಯುದ್ಧ ಮುಗಿದ ಮೇಲೆ 1919ರಲ್ಲಿ, ಶಾಂತಿ ಒಪ್ಪಂದದ ಜೊತೆಗೇ ಹುಟ್ಟಿದ್ದು. ಭಾರತ ಆವತ್ತಿನಿಂದಲೂ ಸದಸ್ಯ. 1969ರಲ್ಲಿ ನೊಬೆಲ್ ಶಾಂತಿ ಬಹುಮಾನವೂ ಬಂತು. ಕಾರ್ಮಿಕರ ಸಂಸ್ಥೆಗೆ ಶಾಂತಿ ಬಹುಮಾನ ಯಾಕೆ ಅಂತ ನನ್ನ ಮೊಮ್ಮಗ ಕೇಳಿದ. ಅವನಿಗೂ ಬೋಂಡದ ಅಜ್ಜಿ ಕತೆಯನ್ನೇ ಹೇಳಿದೆ. ಯುದ್ಧದಿಂದ ಶಾಂತಿಗೆ ಬರುವಾಗ ಉದ್ಯೋಗ ಹೇಗೆ ಕೊಡಬೇಕು ಅಂತ ಈ ಸಂಸ್ಥೆ 1944ರಲ್ಲೇ ಒಂದು ಶಿಫಾರಸು ಬರೆಯಿತು. 2017ರಲ್ಲಿ ಅದನ್ನು ಹೊಸದಾಗಿ ತಿದ್ದಿ ಬರೆದರು. ಅದರ ನಂಬರು 205.

ನಾನು ನಿವೃತ್ತಿಯಾದ ಮೇಲೆ ಕಾಂಬೋಡಿಯಾಕ್ಕೆ ಹೋಗಿದ್ದೆ. ನಮ್ಮ ಮನೆಯವರು ಅಂಗ್‌ಕೋರ್ ವಾಟ್ ದೇವಸ್ಥಾನ ನೋಡುತ್ತಿದ್ದರೆ ನಾನು ಕೆರೆ ನೋಡಲು ಹೋದೆ. ಬೈಸಿಕೊಂಡೆ ಅನ್ನಿ. ಆ ಕೆರೆ ಹೆಸರು ಪಶ್ಚಿಮ ಬಾರಾಯ್. ಎಂಟು ಕಿಲೋಮೀಟರ್ ಉದ್ದ, ಎರಡು ಕಿಲೋಮೀಟರ್ ಅಗಲ! ಇಲ್ಲಿ ಕೋಲಾರಮ್ಮನ ಗುಡಿಯಲ್ಲಿ ಚೋಳರು ಶಾಸನ ಕೆತ್ತಿಸುತ್ತಿದ್ದ 11ನೇ ಶತಮಾನದಲ್ಲಿ ಅಲ್ಲಿ ಅದನ್ನು ಕಟ್ಟಿದರು. ಆ ದೇಶದ ಯುದ್ಧ ನಿಲ್ಲಿಸಲು 1991ರಲ್ಲಿ ಪ್ಯಾರಿಸ್‌ನಲ್ಲಿ ಶಾಂತಿ ಒಪ್ಪಂದವಾದಾಗ ಅಲ್ಲಿನ ರಸ್ತೆ, ಕಾಲುವೆ ಎಲ್ಲ ಹಾಳು. ಥಾಯ್ಲೆಂಡ್ ಗಡಿಯ ನಿರಾಶ್ರಿತರ ಶಿಬಿರಗಳಿಂದ ಮೂರೂವರೆ ಲಕ್ಷಕ್ಕೂ ಜಾಸ್ತಿ ಜನ ವಾಪಸ್ ಬಂದರು. ಅವರಿಗೆ ಏನು ಕೊಡುವುದು? ಐಎಲ್‌ಒದವರು ಗುದ್ದಲಿ ಕೊಟ್ಟು, ಕೂಲಿ ಕೊಟ್ಟು ಹಳ್ಳಿ ರಸ್ತೆ ಮಾಡಿಸಿದರು, ಈ ಬಾರಾಯ್‌ನ ಕಾಲುವೆಗಳನ್ನೂ ರಿಪೇರಿ ಮಾಡಿಸಿದರು. ನೆಲಬಾಂಬು ಇರುವ ಕಡೆ ಅದನ್ನು ತೆಗೆಯದೆ ಗುದ್ದಲಿ ಹಾಕುವ ಹಾಗಿಲ್ಲ. ನಮಗೆ ಜಾಲಿಮುಳ್ಳೇ ದೊಡ್ಡ ಕಷ್ಟ ಅನಿಸಿತ್ತು.

ಇಲ್ಲಿ ಒಬ್ಬರು ಗೊಣಗುವುದು ನನಗೆ ಕೇಳಿಸುತ್ತಿದೆ: 'ಸರ್, ಟೊಮೆಟೊ ಕೀಳಲು ಆಳು ಸಿಗಲ್ಲ, ನೀವು ಕೂಲಿ ಕೂಲಿ ಅಂತೀರಿ.' ಸ್ವಲ್ಪ ತಾಳಿ ಸ್ವಾಮಿ. ನಾನು ಹೇಳಿದ ಗುದ್ದಲಿ ಕೆಲಸಗಳಲ್ಲಿ ಕೂಲಿಯನ್ನು ಊರಿನ ದರಕ್ಕಿಂತ ಮೇಲೆ ಇಡಲ್ಲ. ಇಟ್ಟರೆ ಹೊಲದ ಆಳು ಇಲ್ಲಿಗೆ ಬರುತ್ತಾನೆ. ಸುಗ್ಗಿಯಲ್ಲಿ ಕೆಲಸ ನಿಲ್ಲಿಸುತ್ತಾರೆ. ನಮ್ಮಲ್ಲೂ 2005ರಲ್ಲಿ ಬಂದ ಉದ್ಯೋಗ ಖಾತರಿ ಕಾಯ್ದೆಯಲ್ಲಿ 100ಕ್ಕೆ 60 ರೂಪಾಯಿ ಕೂಲಿಗೇ ಹೋಗಬೇಕು, ಗುತ್ತಿಗೆದಾರರು ಇರಬಾರದು ಅಂತ ಬರೆದಿದ್ದರು. ರಾತ್ರಿ ಜೆಸಿಬಿ ತಂದು ಬೆಳಿಗ್ಗೆ ಹೆಬ್ಬೆಟ್ಟು ಒತ್ತಿಸಿದವರ ವಿಚಾರ ಇವತ್ತು ಬೇಡ, ನನಗೆ ಬಿಪಿ ಏರುತ್ತದೆ.

ಅಯ್ಯೋ, ಗಾಜಿನ ಆಚೆಯಿಂದ ಒಂದು ಬೆರಳು ತೋರಿಸುತ್ತಿದ್ದಾರೆ. ಒಂದು ನಿಮಿಷ ಅಂತೆ. ಲೆಬನಾನ್, ಜೋರ್ಡಾನ್ ಬಗ್ಗೆ ಚೀಟಿ ಬರೆದುಕೊಂಡು ಬಂದಿದ್ದೆ. ಅಲ್ಲೂ ಸಿರಿಯಾದಿಂದ ಓಡಿಬಂದವರನ್ನೂ ಊರಿನವರನ್ನೂ ಒಂದೇ ಕೆಲಸಕ್ಕೆ ಹಾಕಿದರು, ನಮ್ಮ ಮೇಸ್ತ್ರಿ ಹಾಕಿದ ಹಾಗೆ. ಇನ್ನು ಶ್ರೀಲಂಕಾ. 2009ರ ಮೇ ತಿಂಗಳಲ್ಲಿ ಅಲ್ಲಿ ಯುದ್ಧ ಮುಗಿದ ಮೇಲೆ, ಉತ್ತರದ ವವುನಿಯಾದಲ್ಲಿ ರೈತರು ಐಎಲ್‌ಒ ಸಹಾಯದಿಂದ ಸಹಕಾರ ಸಂಘ ಕಟ್ಟಿಕೊಂಡು ಪಪ್ಪಾಯಿ ಬೆಳೆದರು, ರಫ್ತು ಮಾಡುವವರ ಜೊತೆ ಸೇರಿ ಹೊರದೇಶಕ್ಕೂ ಕಳಿಸಿದರು. ಗುದ್ದಲಿ ಕೂಲಿ ಒಂದೆರಡು ವರ್ಷಕ್ಕೆ, ಆಮೇಲೆ ಇಂಥದ್ದು ಬೇಕು. ತಳಿ ಯಾವುದು ಅಂತೀರಾ? ರೆಡ್ ಲೇಡಿ. ನಮ್ಮ ತೋಟದಲ್ಲಿ ಹಾಕುವುದೂ ಅದೇ ಅಲ್ವಾ!

ಸಮಯ ಆಯಿತು. ನಮಸ್ಕಾರ.